ಬನ್ನಿಮರದ ಬುಕ್‌ಮಾರ್ಕ್

ಕಂಪ್ಯೂಟರ್ ಕಲಿತವನು ಊರಿಗೆ ಬಂದರೆ ಅವನಿಗೆ ಎರಡೇ ಕೆಲಸ: ಒಂದು ಪ್ರಿಂಟರ್ ರಿಪೇರಿ, ಇನ್ನೊಂದು ಲಗ್ನಪತ್ರಿಕೆ ಹಂಚುವ ಪಟ್ಟಿ. ಕಿರಂಗೂರಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ಪ್ರಿಂಟರ್ ಇಲ್ಲ. ಹಾಗಾಗಿ ಪಟ್ಟಿ ನನ್ನ ಪಾಲಿಗೆ ಬಂತು.

ಹತ್ತಾರು ನೆಂಟರು ತಮ್ಮ ತಮ್ಮ ಮೊಬೈಲಿನಲ್ಲಿ ಒತ್ತಿ ಕಳಿಸಿದ ಪಟ್ಟಿ ಅದು. ಒಬ್ಬರಿಗೆ ನಮ್ಮೂರು ಕಿರಂಗೂರು, ಇನ್ನೊಬ್ಬರಿಗೆ ಕೀರಂಗೂರು, ಅವಸರದವರಿಗೆ ಕಿರಂಗೂರ್. ಇಂಥ ವೇಷಧಾರಿಗಳನ್ನು ಹಿಡಿಯಲಿಕ್ಕೇ ರೆಗ್ಯುಲರ್ ಎಕ್ಸ್‌ಪ್ರೆಶನ್, ಮುದ್ದಿನ ಹೆಸರು ರೆಜೆಕ್ಸ್, ಇರುವುದು. ಹೆಸರು ಹೇಳದೆ ಚಹರೆ ಹೇಳಿ ಹುಡುಕಿಸುವ ವಿದ್ಯೆ ಇದು. ಮೊದಲು ಕ, ಅದರ ಗುಡಿಸು ಹ್ರಸ್ವವಾದರೂ ಸರಿ, ದೀರ್ಘವಾದರೂ ಸರಿ, ಕೊನೆಯ ಕೊಂಬು ಇದ್ದರೆ ಇರಲಿ, ಹೋದರೆ ಹೋಗಲಿ. 1950ರ ದಶಕದಲ್ಲಿ ಸ್ಟೀಫನ್ ಕ್ಲೇನಿ ಎಂಬ ಗಣಿತಜ್ಞ ನರಜಾಲಗಳ ಲೆಕ್ಕಾಚಾರಕ್ಕೆ ಕಟ್ಟಿದ್ದನ್ನು 1968ರಲ್ಲಿ ಕೆನ್ ಥಾಂಪ್ಸನ್ ಅಕ್ಷರ ಹುಡುಕುವುದಕ್ಕೆ ಪಳಗಿಸಿದ. ಪಾಪ, ಇಬ್ಬರೂ ಮಂಡ್ಯ ಜಿಲ್ಲೆಯ ಮದುವೆ ಪಟ್ಟಿ ನೋಡಿದವರಲ್ಲ.

ರೆಜೆಕ್ಸ್101 ತಾಣದಲ್ಲಿ ಮೇಲೆ ಚಹರೆ ಬರೆದು ಕೆಳಗೆ ಪಟ್ಟಿ ಸುರಿದರೆ, ಸಿಕ್ಕಿಬಿದ್ದದ್ದಕ್ಕೆಲ್ಲ ಬಣ್ಣ ಬಳಿದು, ಒಂದೊಂದು ಚಿಹ್ನೆಗೂ ಪಕ್ಕದಲ್ಲೇ ಅರ್ಥ ಹೇಳುತ್ತದೆ. ದೊಡ್ಡಪ್ಪ ಇಣುಕಿ ನೋಡಿ, “ಏನ್ಲಾ ಮಗ, ಇರುವೆ ಮಸಿ ತುಳ್ಕೊಂಡು ಓಡಾಡ್ದಂಗದೆ?” ಅಂದರು.

ಚುಕ್ಕಿ ಇಟ್ಟು ನಕ್ಷತ್ರ ಹಾಕಿದರೆ ‘ಏನಾದರೂ, ಎಷ್ಟಾದರೂ’ ಎಂದರ್ಥ. ಮುಂದೆ ‘ಗೌಡ’ ಎಂದು ಬರೆದು ನೋಡಿ. ಪಹಣಿಯಿಂದ ಕಲಿತ ಅಭ್ಯಾಸ, ನಮ್ಮಲ್ಲಿ ಹೆಸರೆಂದರೆ ‘ಇಂಥವರು ಬಿನ್ ಇಂಥವರು’. ಮಗನೂ ಗೌಡ, ಅಪ್ಪನೂ ಗೌಡ. ನಕ್ಷತ್ರವೋ ಹುಟ್ಟು ಹೊಟ್ಟೆಬಾಕ. ಸಾಲಿನ ಕಟ್ಟಕಡೆಯ ಗೌಡರವರೆಗೆ ನುಂಗದೆ ಬಿಡದು. ಮಗನನ್ನು ಕರೆಯಲು ಹೋದರೆ ಕೈಲಾಸವಾಸಿ ಅಪ್ಪನೂ ಎದ್ದು ಬರುತ್ತಾರೆ. ನಕ್ಷತ್ರದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಮೊದಲ ಗೌಡರಲ್ಲೇ ಕೈತೊಳೆದುಕೊಳ್ಳುತ್ತದೆ. ಪ್ರಶ್ನೆ ಎದುರಾದೊಡನೆ ಹಸಿವು ಇಳಿಯುವುದು ರೆಜೆಕ್ಸ್‌ನಲ್ಲಿ ಮಾತ್ರ.

ಕನ್ನಡ ಕಂಡರೆ ಅದರ ವರಸೆಯೇ ಬೇರೆ. ‘ಪದದ ಅಕ್ಷರಗಳನ್ನು ಹೆಕ್ಕು’ ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಣ್ಣಿಗೆ ಗುಡಿಸು, ಕೊಂಬು, ಸೊನ್ನೆ ಯಾವುದೂ ಅಕ್ಷರವಲ್ಲ. ಕಿರಂಗೂರನ್ನು ಕೊಟ್ಟರೆ ‘ಕ, ರ, ಗ, ರ’ ಎಂದು ಮೂಳೆಗಳನ್ನು ಮಾತ್ರ ಮರಳಿಸುತ್ತದೆ. ನಾವು ನಾಲ್ಕಕ್ಷರ ಎಣಿಸುವ ಊರಿಗೆ ಯೂನಿಕೋಡ್ ಎಂಟು ಸಂಕೇತ ಎಣಿಸುತ್ತದೆ. ಕನ್ನಡಕ್ಕೆಂದು ಮೀಸಲಿಟ್ಟ 128 ಸ್ಥಾನಗಳ ವಿಭಾಗವನ್ನೇ ತೋರಿಸಿಕೊಟ್ಟರೆ ಊರು ಇಡಿಯಾಗಿ ವಾಪಸ್ಸು.

ಇಂಥ ಮದ್ದುಗಳು ಸಿಕ್ಕ ಪುಟಗಳನ್ನೆಲ್ಲ ‘ಮುಂದೆ ಬೇಕಾದೀತು’ ಎಂದು ಬುಕ್‌ಮಾರ್ಕ್ ಮಾಡುವುದು ನಮ್ಮ ಕಸುಬಿನವರ ಚಾಳಿ. ಹೀಗೆ ಕಟ್ಟಿಡುವುದು ಕಿರಂಗೂರಿಗೇನೂ ಹೊಸದಲ್ಲ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ ನೆನಪಿಗೆ ಈಗಲೂ ಮೆರವಣಿಗೆ ಹೊರಡುವುದು ನಮ್ಮ ಬನ್ನಿಮಂಟಪದಿಂದ. ಬನ್ನಿಯೆಂದರೆ ಪಾಂಡವರು ಆಯುಧ ಕಟ್ಟಿಟ್ಟ ಮರ. ಯಾರೂ ಹತ್ತಿರ ಸುಳಿಯದಿರಲೆಂದು ಜೊತೆಗೊಂದು ಹೆಣವನ್ನೂ ನೇತುಹಾಕಿದ್ದರಂತೆ. ನನ್ನ ಬುಕ್‌ಮಾರ್ಕ್ ಫೋಲ್ಡರಿನಲ್ಲೂ ಆಯುಧಗಳಿವೆ, ಸತ್ತ ಕೊಂಡಿಗಳೆಂಬ ಹೆಣಗಳೇ ಜಾಸ್ತಿ. ಬುಕ್‌ಮಾರ್ಕುಗಳನ್ನು ಕಾಪಿಡುತ್ತೇವೆಂದು 2003ರಲ್ಲಿ ಬಂದ ಡೆಲಿಶಿಯಸ್ ಕೈಯಿಂದ ಕೈಗೆ ದಾಟಿ 2017ರಲ್ಲಿ ಪಿನ್‌ಬೋರ್ಡಿನ ಪಾಲಾಯಿತು. ‘ಆಮೇಲೆ ಓದಿ’ ಎನ್ನುತ್ತಿದ್ದ ಪಾಕೆಟ್‌ಗೆ ಮೊಜಿಲ್ಲಾ 2025ರ ಜುಲೈನಲ್ಲಿ ಬೀಗ ಜಡಿಯಿತು. ಎಷ್ಟೋ ಜನರ ‘ಆಮೇಲೆ’ ಅಷ್ಟರಲ್ಲಿ ಬಂದೇ ಇರಲಿಲ್ಲ. ಗಟ್ಟಿ ಜೀವವೆಂದರೆ ನೆಟ್‌ಸ್ಕೇಪ್. ಆ ಬ್ರೌಸರ್ ಸತ್ತು ಎಷ್ಟೋ ಕಾಲವಾದರೂ, ಕ್ರೋಮ್‌ನಿಂದ ಬುಕ್‌ಮಾರ್ಕುಗಳನ್ನು ಹೊರತೆಗೆದರೆ ಕಡತದ ಮೊದಲ ಸಾಲಿನಲ್ಲಿ ಇವತ್ತಿಗೂ ಅದರ ಹೆಸರೇ.

ಪಾಂಡವರು ಅಜ್ಞಾತವಾಸದ ಅವಧಿ ಮುಗಿದದ್ದೇ ಮರದಲ್ಲಿ ಇಟ್ಟದ್ದನ್ನು ಇಳಿಸಿಕೊಂಡರು. ನಾವು ಮರ ಹತ್ತುವುದು ಇನ್ನಷ್ಟು ಕಟ್ಟಲಿಕ್ಕೆ. ಅದಕ್ಕೇ ನನ್ನದೊಂದು ಸಲಹೆ: ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಡುವ ಮುಂಚೆ ಆ ಬುಕ್‌ಮಾರ್ಕ್ ಕಡತ ತೆಗೆದು ರೆಜೆಕ್ಸ್ ತಾಣಕ್ಕೆ ಸುರಿಯಿರಿ, ಎರಡೆರಡು ಸಲ ಬಂದ ವಿಳಾಸಗಳನ್ನು ಹಿಡಿಯಿರಿ, ಹೆಣಗಳನ್ನು ಇಳಿಸಿ. ಆಮೇಲೆ ಪೂಜೆ. ಬೂದುಗುಂಬಳ ಮಾತ್ರ ಕೀಬೋರ್ಡಿನಿಂದ ದೂರ ಒಡೆಯಿರಿ.