ಮೈನಸ್ ಎರಡು ಚೀಲ

ಇಸಳೂರಿನ ಅಡಿಕೆ ತೋಟದ ಮನೆಯೊಂದರಲ್ಲಿ ಹೆಗಡೇರ ಆಂಡ್ರಾಯ್ಡ್ 8ರ ಹಳೇ ಫೋನು. ಅದರೊಳಗಿನ ಬ್ಲೂಟೂತು ಮಧ್ಯಾಹ್ನದ ಹೊತ್ತಿಗೆ ಮಾತಿಗೆ ಸಿಕ್ಕಿತು.

ನಿಮ್ಮ ಮೇಲೆ ಆರೋಪ ಇದೆಯಂತೆ?

ಆರೋಪ ಅಲ್ಲ ಮಾರಾಯ್ರೇ, ಕೇಸ್ ನಂಬರೇ ಇದೆ. ಸಿವಿಇ-2020-0022. ಮುದ್ದಿನ ಹೆಸರು ಬ್ಲೂಫ್ರಾಗ್. 2019ರ ನವೆಂಬರಿನಲ್ಲಿ ಜರ್ಮನಿಯ ಸಂಶೋಧಕರು ಗೂಗಲ್‌ಗೆ ತಿಳಿಸಿದರು, ಮುಂದಿನ ಫೆಬ್ರವರಿಗೆ ರಿಪೇರಿ ಬಂತು.

ತಪ್ಪೇನು?

ಲೆಕ್ಕದ್ದು. ದೊಡ್ಡ ಸಂದೇಶ ನನಗೆ ತುಂಡುತುಂಡಾಗಿ ಬರ್ತದೆ. ಒಟ್ಟು ಉದ್ದ ಎಷ್ಟು ಅಂತ ಮೊದಲ ತುಂಡು ಹೇಳ್ತದೆ, ನಾನು ಅಷ್ಟು ಜಾಗ ಮಾಡಿ ಉಳಿದದ್ದನ್ನು ಜೋಡಿಸ್ತೇನೆ. ಹೇಳಿದ್ದಕ್ಕಿಂತ ಹೆಚ್ಚು ಬಂದರೆ ಕತ್ತರಿಸಬೇಕು. ಆ ಲೆಕ್ಕದಲ್ಲಿ ತುಂಡಿನ ತಲೆಭಾಗ ಕೂಡೋದೇ ಬಿಟ್ಟುಹೋಗಿತ್ತು, ಉತ್ತರ ಸೊನ್ನೆಗಿಂತ ಕೆಳಗಿಳೀತು. ಮೈನಸ್ ಎರಡು ಚೀಲ ಅಡಿಕೆ ತಂದಿದ್ದೇನೆ ಅಂದರೆ ಸೊಸೈಟಿ ಗುಮಾಸ್ತ ಕವಳ ಉಗುಳಿ ನಗ್ತಾನೆ. ನಾನು ನಗಲಿಲ್ಲ. ಮೈನಸ್ಸನ್ನು ಭಾರೀ ದೊಡ್ಡ ಸಂಖ್ಯೆ ಅಂತ ಓದಿ, ಪಕ್ಕದವರ ಜಾಗದ ಮೇಲೂ ಸುರಿದೆ.

ತಡೆಯೋರು ಯಾರೂ ಇರಲಿಲ್ಲವೇ?

ಸಿ ಪ್ಲಸ್ ಪ್ಲಸ್‌ನಲ್ಲಿ ಗಡಿ ಕಾಯೋದು ಬರೆಯುವವನ ಜವಾಬ್ದಾರಿ. ಈಗ ಹೊಸ ಕೋಡಿಗೆ ಗಡಿಯನ್ನು ತಾನೇ ಕಾಯುವ ರಸ್ಟ್ ಭಾಷೆ ಹಿಡಿದಿದ್ದಾರೆ. ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಇಂಥ ಮೆಮೊರಿ ತಪ್ಪುಗಳ ಪಾಲು 2019ರಲ್ಲಿ ನೂರಕ್ಕೆ 76 ಇದ್ದದ್ದು 2024ಕ್ಕೆ 24. ನಮ್ಮಂಥ ಹಳಬರಿಗೆ ಆ ಯೋಗವಿಲ್ಲ.

ಆಂಡ್ರಾಯ್ಡ್ 10ರಲ್ಲೂ ಇದೇ ತಪ್ಪು ಇತ್ತಲ್ಲ, ಅಲ್ಲೇನಾಯ್ತು?

ಅಲ್ಲಿ ನಾನೇ ಕುಸಿದು ಬಿದ್ದೆ, ಕಳ್ಳನಿಗೆ ಬಾಗಿಲು ತೆಗೆಯಲಿಲ್ಲ. 8, 9ರಲ್ಲಿ ತೆಗೆದೆ.

ಸಿಗ್ನಲ್ಲಿಗೆ ಗುಡ್ಡ ಹತ್ತುವ ಊರಿಗೆ ಕಳ್ಳ ಹೇಗೆ ಬರ್ತಾನೆ?

ಹೆಗಡೇರದ್ದೂ ಇದೇ ವಾದ. ನನಗೆ ಟವರ್ ಯಾಕೆ? ಹತ್ತಿರ ನಿಂತವನಿಗೆ ನನ್ನ ವಿಳಾಸ ಗೊತ್ತಾದರೆ ಸಾಕು. ಹೆಗಡೇರು ಏನನ್ನೂ ಒತ್ತೋದೇ ಬೇಡ. ಓಟಿಪಿ ಕೇಳಿದವನ ವಂಶವನ್ನೇ ಜಾಲಾಡುವ ಮನುಷ್ಯ, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ತುಂಬಾ ನನ್ನನ್ನು ಆನ್ ಇಟ್ಟುಕೊಂಡೇ ತಿರುಗಿದರು.

ಆ ರಿಪೇರಿ ಹಾಕಿಸಿಕೊಳ್ಳಲಿಲ್ಲವೇ?

ಗುಡ್ಡದ ಮೇಲೆ ಒಮ್ಮೆ ಅಪ್‌ಡೇಟ್ ಬಂದಿತ್ತು. ಡೇಟಾ ಖರ್ಚಾಗ್ತದೆ ಅಂತ ‘ಆಮೇಲೆ ನೆನಪಿಸು’ ಒತ್ತಿದರು. ಮುಂದೆ ಕಂಪನಿ ಈ ಮಾಡೆಲನ್ನೇ ಮರೆತುಬಿಟ್ಟಿತು.

ಹೊಸ ಫೋನು ತಗೊಳ್ಳಬಹುದಲ್ಲ?

ಬೆಂಗಳೂರಿನ ಮಗ ತಂದುಕೊಟ್ಟಿದ್ದಾನೆ. ಹಾಳಾಗಬಾರದು ಅಂತ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ.