ಅಡ್ಡಿಯಿಲ್ಲ ತಾನೇ?

ನನಗೆ ಐದು ಬಗೆಯ ಕೆಮ್ಮು ಬರುತ್ತದೆ. ಐದೂ ಸಾಧನೆಯಿಂದ ಗಳಿಸಿದವು. ಪಕ್ಕದಲ್ಲಿ ಯಾರಾದರೂ ಬೆಂಕಿಪೊಟ್ಟಣ ಅಲುಗಿಸಿ ನೋಡಿದರೆ ಮೊದಲನೆಯದು, ಗಂಟಲು ಸರಿಮಾಡಿಕೊಳ್ಳುವಂಥ ಸಣ್ಣದು. ಕಡ್ಡಿ ಗೀರಿದರೆ ಎರಡನೆಯದು. ಹೊಗೆ ಮೂಗಿನ ಹತ್ತಿರ ಬಂದಾಗ ಮೂರು, ಒಳಗೇ ಹೋದಾಗ ನಾಲ್ಕು. ಐದನೆಯದು ಬ್ರಹ್ಮಾಸ್ತ್ರ: ಎದೆ ಹಿಡಿದುಕೊಂಡು, ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ, ಬಸ್ಸಿನಲ್ಲಿರುವವರೆಲ್ಲ ತಿರುಗಿ ನೋಡುವ ಹಾಗೆ ಕೆಮ್ಮುವುದು. ಗುಬ್ಬಿಯಿಂದ ತುಮಕೂರಿಗೆ ದಿನಾ ನೌಕರಿಗೆ ಓಡಾಡುತ್ತಿದ್ದ ಇಪ್ಪತ್ತೆಂಟು ವರ್ಷದಲ್ಲಿ ಅದನ್ನು ಎರಡೇ ಸಲ ಬಿಟ್ಟಿದ್ದೇನೆ. ಎರಡು ಸಲವೂ ಸೇದುತ್ತಿದ್ದವರು ಬಹಳ ಮರುಗಿದರು. ಒಬ್ಬರು "ಶುಂಠಿ ಕಷಾಯ ಕುಡೀರಿ ಸಾರ್, ಇದನ್ನ ಹಿಂಗೇ ಬಿಡಬಾರ್ದು" ಅಂದರು. ಇನ್ನೊಬ್ಬರು ಬೀಡಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ನನ್ನ ಬೆನ್ನು ನೀವಿದರು. ಆರಿಸಲು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಡ್ರೈವರಿಗೆ ಹೇಳೋಣವೆಂದರೆ, 'ಧೂಮಪಾನ ನಿಷೇಧಿಸಿದೆ' ಎಂಬ ಬೋರ್ಡಿನ ಕೆಳಗೆ ಅವನದೇ ಬೀಡಿ ಹೊಗೆಯಾಡುತ್ತಿತ್ತು.

'ಸೇದಬೇಡಿ' ಎಂಬುದು ನಾಲ್ಕೇ ಅಕ್ಷರ. ಅದು ಇವತ್ತಿನವರೆಗೆ ನನ್ನ ಬಾಯಿಂದ ಬಂದಿಲ್ಲ. ರೈಲಿನವರಂತೂ ನನ್ನಂಥವನ ಬಾಯನ್ನೇ ನಂಬಿ ಒಂದು ಕಾನೂನು ಮಾಡಿಟ್ಟಿದ್ದಾರೆ. 1989ರ ರೈಲ್ವೆ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ, ಡಬ್ಬಿಯಲ್ಲಿರುವ ಇನ್ನೊಬ್ಬ ಪ್ರಯಾಣಿಕ ಆಕ್ಷೇಪಿಸಿದರೆ ಸೇದುವ ಹಾಗಿಲ್ಲ. ಮೀರಿದರೆ ನೂರು ರೂಪಾಯಿವರೆಗೆ ದಂಡ. ಆಕ್ಷೇಪಿಸಿದರೆ! ಕೆಮ್ಮಿದರೆ ಆಕ್ಷೇಪಿಸಿದಂತೆ ಆಗುತ್ತದೋ ಇಲ್ಲವೋ ಎಂದು ಆ ಸೆಕ್ಷನ್ ಹೇಳುವುದಿಲ್ಲ. ಹೇಳಿದ್ದರೆ ನಾನು ರೈಲ್ವೆಗೆ ಒಂದಿಷ್ಟು ಆದಾಯ ಮಾಡಿಕೊಡುತ್ತಿದ್ದೆ.

ಸೇದುವವರಿಗೆ ಇಂಥ ಸಂಕೋಚವಿಲ್ಲ. ಅವರದು ದೊಡ್ಡ ಕುಲ. ಗುರುತು ಪರಿಚಯ ಇಲ್ಲದವನ ಮುಂದೆ ನಿಂತು "ಬೆಂಕಿ ಐತಾ?" ಅಂತ ಕೇಳಿದರೆ ಸಾಕು, ಅವನು ಬೆರಳು ಸುಡುವಷ್ಟು ಹತ್ತಿರ ಬಂದಿರುವ ತನ್ನ ತುಂಡು ಬೀಡಿಯಿಂದಲೇ ಹೊತ್ತಿಸಿಕೊಡುತ್ತಾನೆ. ಅಂಗೈ ಗೂಡು ಮಾಡಿ ಗಾಳಿಗೆ ಅಡ್ಡ ಹಿಡಿಯುತ್ತಾನೆ. ಸೇದದವರು ಹಾಗೆ ಒಬ್ಬರಿಗೊಬ್ಬರು ಏನು ಕೊಡಬಲ್ಲರು? ಹೆಚ್ಚೆಂದರೆ ಒಬ್ಬರ ಮುಖ ಒಬ್ಬರು ನೋಡಿ ಮೂಗು ಸಿಂಡರಿಸಬಲ್ಲರು.

ಈ ಮಾತೆಲ್ಲ ಈಗ ಯಾಕೆ ಬಂತೆಂದರೆ, ನಮ್ಮಲ್ಲೊಬ್ಬ ಹಡಗು ಹತ್ತಿ ಬಂದ.

ನಾವು ಹತ್ತು ಜನ ನಿವೃತ್ತರು. ತುಮಕೂರಿನವರು, ಗುಬ್ಬಿಯವರು, ಕುಣಿಗಲ್ಲಿನವನೊಬ್ಬ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಟೆಂಪೊ ಟ್ರಾವೆಲರ್ ಮಾಡಿಕೊಂಡು ದೇವರಾಯನದುರ್ಗಕ್ಕೆ ಹೋಗಿಬರುವುದು ರೂಢಿ. ಹತ್ತರಲ್ಲಿ ನಾಲ್ವರು ಸೇದುತ್ತಾರೆ. ಆ ನಾಲ್ವರ ನಾಯಕನನ್ನು ಮಗ ಸಿಂಗಪುರಕ್ಕೆ ಕರೆಸಿಕೊಂಡು, ಅಲ್ಲಿಂದ ಕ್ರೂಸ್ ಹಡಗಿನಲ್ಲಿ ನಾಲ್ಕು ದಿನ ಸುತ್ತಿಸಿ ಕಳಿಸಿದ್ದ. ತಿಪಟೂರಿನ ಕೆರೆಯ ದೋಣಿಯನ್ನೂ ಹತ್ತದಿದ್ದ ಅವನು ಬಂದಾಗಿನಿಂದ ನಮಗೆಲ್ಲ ಕ್ಯಾಪ್ಟನ್.

"ಸೇದೋರಿಗೆ ಮರ್ಯಾದೆ ಅಂತ ಇದ್ರೆ ಅಲ್ಲಿ ಕಣಯ್ಯ" ಎಂದು ಬೆಳಗುಂಬ ದಾಟುವ ಮುಂಚೆಯೇ ಶುರುಮಾಡಿದ. ರೂಮಿನಲ್ಲಿ ಸೇದುವಂತಿಲ್ಲ, ರೂಮಿನ ಬಾಲ್ಕನಿಯಲ್ಲೂ ಇಲ್ಲ. ಸಿಕ್ಕಿಬಿದ್ದರೆ ಇನ್ನೂರೈವತ್ತು ಡಾಲರು ದಂಡ ಹಾಕುವ ಹಡಗುಗಳೂ ಉಂಟು. ಆದರೆ ಮೇಲಿನ ತೆರೆದ ಅಟ್ಟದ ಮೇಲೆ, ಒಂದು ಮಗ್ಗುಲಲ್ಲಿ, ಸೇದುವವರಿಗೆಂದೇ ಕುರ್ಚಿ, ಮೇಜು, ಬೂದಿ ಬಟ್ಟಲು. ಎದುರಿಗೆ ಸಮುದ್ರ. ಸೇದದವರು ಇನ್ನೊಂದು ಮಗ್ಗುಲು. "ಅಲ್ಲಿ ಒಬ್ಬಳು ಬಿಳಿ ಕೂದಲಿನ ಅಜ್ಜಿ. ಜಾಗ ಸೇದೋರದ್ದೇ. ನಾನೂ ಸೇದ್ತಾ ಕೂತಿದೀನಿ. ಆದ್ರೂ ಕಡ್ಡಿ ಗೀರೋ ಮುಂಚೆ ನನ್ನ ಕಡೆ ತಿರುಗಿ, ನಿಮಗೆ ಅಡ್ಡಿಯಿಲ್ಲ ತಾನೇ ಅಂತ ಕೇಳಿದ್ಲು!"

ನಾನು ಮಾತ್ರ ಸುಮ್ಮನೆ ಬಂದಿರಲಿಲ್ಲ. ಹಿಂದಿನ ರಾತ್ರಿ ಮೊಮ್ಮಗನ ಕೈಲಿ ಹುಡುಕಿಸಿಕೊಂಡಿದ್ದೆ. "1998ರಲ್ಲಿ ಅಮೆರಿಕದ ಕಾರ್ನಿವಲ್ ಕಂಪನಿಯವರು ಪ್ಯಾರಡೈಸ್ ಅಂತ ಒಂದು ಹಡಗು ಬಿಟ್ಟಿದ್ರು, ಗೊತ್ತಾ? ಪೂರ್ತಿ ಹೊಗೆರಹಿತ. ಯಾವ ಮೂಲೆಯಲ್ಲೂ ಸೇದೋ ಹಾಗಿಲ್ಲ. ಸೇದಿದೋರನ್ನ ಮುಂದಿನ ಬಂದರಿನಲ್ಲಿ ಗಂಟುಮೂಟೆ ಸಮೇತ ಇಳಿಸಿಬಿಡ್ತಿದ್ರು."

"ಆಮೇಲೆ?"

ಆಮೇಲಿನದನ್ನು ಹೇಳುವ ಇಷ್ಟ ನನಗಿರಲಿಲ್ಲ. ಗುಬ್ಬಿಯ ಗೆಳೆಯ ಮೊಬೈಲು ತೆಗೆದು ಓದಿಬಿಟ್ಟ. ಐದಾರು ವರ್ಷದಲ್ಲಿ ಕಂಪನಿಯವರು ಆ ನಿಯಮ ಕೈಬಿಟ್ಟರಂತೆ. ಸೇದದವರು ಬಂದರು, ಆದರೆ ಕುಡಿಯಲಿಲ್ಲ, ಜೂಜಾಡಲಿಲ್ಲ, ಗಲ್ಲಾ ತುಂಬಲಿಲ್ಲ. ವ್ಯಾನಿನಲ್ಲಿ ಎದ್ದ ನಗು ಡ್ರೈವರನಿಗೂ ಹಬ್ಬಿತು. ಇಪ್ಪತ್ತು ವರ್ಷದಿಂದ ಈ ಪ್ರವಾಸದಲ್ಲಿ ಕಾಫಿಯ ಬಿಲ್ಲು ಯಾರು ಕೊಡುತ್ತಾ ಬಂದಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಆ ನಾಲ್ವರೇ.

ಸೋಲು ತಡೆಯಲಾರದೆ ಕೇಳಿಯೇಬಿಟ್ಟೆ: "ಆ ಅಜ್ಜಿ ಕೇಳಿದ ಹಾಗೆ ನೀನು ಯಾವತ್ತಾದ್ರೂ ನನ್ನ ಕೇಳಿದೀಯಾ?"

"ನೀನು ಯಾವತ್ತಾದ್ರೂ ಬೇಡ ಅಂತ ಹೇಳಿದೀಯಾ?" ಅಂದ. "ಮೂವತ್ತು ವರ್ಷದಿಂದ ನಿಂಗೆ ಥಂಡಿ ಮೈ ಅಂದ್ಕೊಂಡಿದೀನಿ."

ನಾಮದ ಚಿಲುಮೆಯಲ್ಲಿ ವ್ಯಾನು ನಿಂತಿತು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಎಂಬ ಕತೆಯ ಜಾಗ. ನಾಲ್ವರು ಇಳಿದು ರಸ್ತೆಯ ಎಡಕ್ಕೆ ಹೋದರು, ಆರು ಜನ ಬಲಕ್ಕೆ. ಕ್ಯಾಪ್ಟನ್ ಆಜ್ಞೆ. ಎಡಮಗ್ಗುಲು, ಬಲಮಗ್ಗುಲು. ಹಡಗಿನಲ್ಲಿ ಇದು ಸರಿಹೋಗಬಹುದು. ನಮ್ಮ ಬೆಟ್ಟದ ಗಾಳಿ ಯಾವ ಕಂಪನಿಯ ನಿಯಮಕ್ಕೂ ರುಜು ಹಾಕಿಲ್ಲ. ಎಡದ ಹೊಗೆಯನ್ನೆಲ್ಲ ಮುತುವರ್ಜಿಯಿಂದ ಎತ್ತಿಕೊಂಡು ಬಂದು ನಮ್ಮ ಮುಖಕ್ಕೆ ಸುರಿಯಿತು. ನಾವು ಎಡಕ್ಕೆ ಹೋದೆವು, ಅವರು ಬಲಕ್ಕೆ ಬಂದರು. ಗಾಳಿ ತಿರುಗಿತು. ಮೂರನೆಯ ಸಲ ಅದಲುಬದಲಾಗುವಾಗ ಜಿಂಕೆವನದ ಜಿಂಕೆಗಳು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು.

ಘಾಟಿ ಏರುವಾಗ ನಡೆದದ್ದನ್ನು ಮಾತ್ರ ತಮಾಷೆಯಾಗಿ ಹೇಳಲಾರೆ. ಜನವರಿ ಕೊನೆಯ ಬೆಟ್ಟ ನೋಡಿದವರಿಗೆ ಗೊತ್ತು: ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಒಣಗಿ, ಎಣ್ಣೆಯಲ್ಲದ್ದಿದ ಬತ್ತಿಯ ಹಾಗೆ ಕಾಯುತ್ತಿರುತ್ತದೆ. ಅರಣ್ಯ ಇಲಾಖೆಯವರು ಬೆಂಕಿರೇಖೆ ಸವರಿದ್ದರೂ ಬೇಸಿಗೆಯಲ್ಲಿ ಈ ಗುಡ್ಡಗಳಿಗೆ ಬೆಂಕಿ ಬೀಳುವುದು ತಪ್ಪಿಲ್ಲ. ತಿರುವಿನಲ್ಲಿ ಕೋಟೆ ನೋಡಲು ಇಳಿದಾಗ ಕುಣಿಗಲ್ಲಿನವನು ಬೀಡಿ ಮುಗಿಸಿ, ಬೆರಳಿನಿಂದ ಚಿಮ್ಮಿದ. ಅದು ಹುಲ್ಲಿಗೆ ಬಿತ್ತು. ನಾನು ಕೆಮ್ಮಿದೆ, ಇನ್ನೇನು ಮಾಡಲಿ. ಕ್ಯಾಪ್ಟನ್ ಕೆಮ್ಮಲಿಲ್ಲ. ಮಂಡಿನೋವಿನ ಮನುಷ್ಯ ಮೋರಿಕಟ್ಟೆ ಹಾರಿ ಇಳಿದು, ಹುಡುಕಿ, ಚಪ್ಪಲಿಯಲ್ಲಿ ಹೊಸಕಿ, ಆ ಮೋಟನ್ನು ಎತ್ತಿ ತನ್ನ ಜೇಬಿನಲ್ಲಿದ್ದ ಹಳೆಯ ಮುಲಾಮಿನ ಡಬ್ಬಿಗೆ ಹಾಕಿಕೊಂಡ. ಮುಖ ಕೆಂಪಾಗಿತ್ತು.

"2006ರ ಮಾರ್ಚ್ 23. ಸ್ಟಾರ್ ಪ್ರಿನ್ಸೆಸ್ ಅಂತ ಹಡಗು, ಜಮೈಕಾ ಕಡೆ ಹೋಗ್ತಿತ್ತು. ಬೆಳಗಿನ ಜಾವ ಬಾಲ್ಕನಿಗೆ ಬೆಂಕಿ. ಯಾರೋ ಎಸೆದ ಸಿಗರೇಟು ಮೋಟೇ ಇರಬೇಕು ಅಂತ ತನಿಖೆಯವರು ಹೇಳಿದ್ರು. ನೂರಾರು ರೂಮಿಗೆ ಹೊಗೆ, ಬೆಂಕಿ. ಒಬ್ಬರು ಸತ್ತರು. ಸುತ್ತ ಅಷ್ಟು ನೀರು ಇಟ್ಕೊಂಡು!" ಉಸಿರು ತೆಗೆದುಕೊಂಡು ಗುಡ್ಡದ ಕಡೆ ಕೈ ತೋರಿಸಿದ. "ಇಲ್ಲೇನೈತೆ? ಜಯಮಂಗಲಿ ಹುಟ್ಟೋದು ಇಲ್ಲೇ ಅಂತಾರೆ, ಈಗ ಒಂದು ಬಿಂದಿಗೆ ಮೊಗೆದು ತಾ ನೋಡೋಣ."

ಅಲ್ಲಿಂದ ಮೇಲೆ ನಾಲ್ವರೂ ಬೆಂಕಿಪೊಟ್ಟಣ ಹೊರಗೆ ತೆಗೆಯಲಿಲ್ಲ. ಯಾರೂ ಹೇಳಿರಲಿಲ್ಲ.

ದೇವರಾಯನದುರ್ಗದಲ್ಲಿ ನರಸಿಂಹಸ್ವಾಮಿ ಎರಡು ಕಡೆ ನೆಲೆಸಿದ್ದಾನೆ. ಕೆಳಗೆ ಭೋಗಾನರಸಿಂಹ, ಬೆಟ್ಟದ ತುದಿಯಲ್ಲಿ ಯೋಗಾನರಸಿಂಹ. ಸುಮಾರು 3900 ಅಡಿ ಎತ್ತರದ ಬೆಟ್ಟ. ಇಷ್ಟು ವರ್ಷ ನಮ್ಮ ಲೆಕ್ಕಾಚಾರ ಸರಳವಾಗಿತ್ತು: ಸೇದುವವರು ಕೆಳಗೆ ಭೋಗಾನರಸಿಂಹನ ಭಕ್ತರಾಗಿ ನೆರಳಲ್ಲಿ ಉಳಿಯುವುದು, ಶುದ್ಧ ಶ್ವಾಸಕೋಶದ ನಾವು ಯೋಗಾನರಸಿಂಹನಲ್ಲಿಗೆ ಮೆಟ್ಟಿಲು ಹತ್ತುವುದು. ಈ ಸಲ ಅವರಿಗೆ ಕೆಳಗೆ ಕೂತು ಮಾಡುವ ಕೆಲಸವೇ ಇರಲಿಲ್ಲವಲ್ಲ, ಹತ್ತಿದರು. ಹಡಗಿನಲ್ಲಿ ಒಂದೊಂದು ಸಿಗರೇಟಿಗೂ ಅಟ್ಟದಿಂದ ಅಟ್ಟಕ್ಕೆ ಮೆಟ್ಟಿಲು ಹತ್ತಿ ಕ್ಯಾಪ್ಟನ್ನಿಗೆ ಅಭ್ಯಾಸ ಆಗಿತ್ತೋ ಏನೋ. ಅವನು ಮೇಲೆ ತಲುಪಿ ಕೈಬೀಸುವಾಗ ನಾನು ಅರ್ಧದಲ್ಲಿ ಬಂಡೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದೆ. ನನ್ನ ತೂಕ ಎಂಬತ್ತೆಂಟು. ಅದಕ್ಕೂ ಹೊಗೆಗೂ ಸಂಬಂಧವಿಲ್ಲ.

ಮೇಲೆ ಕೋತಿಗಳ ರಾಜ್ಯ. ದೇವಸ್ಥಾನದಿಂದ ಹೊರಗೆ ಬರುತ್ತಿದ್ದಂತೆ ಒಂದು ಗಡವ ಕ್ಯಾಪ್ಟನ್ ಜೇಬಿಗೆ ಕೈಹಾಕಿ ಸಿಗರೇಟು ಪ್ಯಾಕು ಎಗರಿಸಿತು. ಬಂಡೆಯ ಮೇಲೆ ಕೂತು ಬಹಳ ನಾಜೂಕಾಗಿ ಬಿಚ್ಚಿ, ಒಂದನ್ನು ಅಡ್ಡ ಕಚ್ಚಿ, ಅಗಿದು, ನಮ್ಮ ಕಡೆಗೇ ಉಗುಳಿತು. ಆಮೇಲೆ ಉಳಿದವನ್ನು ಒಂದೊಂದಾಗಿ ಸಿಗಿದು ಪುಡಿಮಾಡಿ ಗಾಳಿಗೆ ತೂರಿತು. ಇಪ್ಪತ್ತೆಂಟು ವರ್ಷ ನಾನು ಕೆಮ್ಮಿ ಸಾಧಿಸದ್ದನ್ನು ಅದು ಅರ್ಧ ನಿಮಿಷದಲ್ಲಿ ಮುಗಿಸಿತು.

"ಸಿಗರೇಟು ಕೊಳ್ಳೋಕೆ ಈಗ ಇಪ್ಪತ್ತೊಂದು ವರ್ಷ ಆಗಿರಬೇಕು ಕಣ್ರೀ, ಹೊಸ ಕಾನೂನು" ಎಂದ ಗುಬ್ಬಿಯವನು. "ಇದಕ್ಕೆ ಎಷ್ಟಾಯ್ತು ಕೇಳಿ."

ನಾನು ನಗುತ್ತಾ, ಬುತ್ತಿ ಉಂಡ ಮೇಲಿನ ನನ್ನ ನಿತ್ಯಕರ್ಮಕ್ಕೆ ಕೂತೆ. ಎರಡು ವೀಳ್ಯದೆಲೆ, ಸುಣ್ಣ, ನಮ್ಮ ತೋಟದ್ದೇ ಅಡಿಕೆ, ಒಂದು ಚಿಟಿಕೆ ಕಡ್ಡಿಪುಡಿ. ಅಗಿದು, ರಸ ಕೂಡಿದಾಗ ಪಕ್ಕದ ಬಂಡೆಗೆ ಪಿಚಕ್ ಎಂದು ಉಗಿದೆ. ಕ್ಯಾಪ್ಟನ್ ಚೀಲದಿಂದ ಮಡಿಚಿದ ಪೇಪರ್ ಕಟಿಂಗ್ ಒಂದನ್ನು ತೆಗೆದ. ಇದಕ್ಕಾಗಿಯೇ ಕಾಯುತ್ತಿದ್ದ ಅಂತ ಕಾಣುತ್ತದೆ.

2003ರ ಕೇಂದ್ರದ ತಂಬಾಕು ಕಾಯ್ದೆಗೆ ನಮ್ಮ ರಾಜ್ಯ ಮಾಡಿದ ತಿದ್ದುಪಡಿ, 2025ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು. ಇನ್ನೂರು ರೂಪಾಯಿ ಇದ್ದ ದಂಡ ಸಾವಿರವಾಗಿದೆ. ಕೊಳ್ಳುವ ವಯಸ್ಸು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿದೆ. ಅಷ್ಟೂ ನನಗೆ ಗೊತ್ತಿತ್ತು, ಊರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ. ಗೊತ್ತಿಲ್ಲದ್ದನ್ನು ಕ್ಯಾಪ್ಟನ್ ಬೆರಳಿಟ್ಟು ಓದಿಸಿದ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕು ಅಗಿದು ಉಗಿಯುವುದಕ್ಕೂ ನಿಷೇಧ.

"ಕಡ್ಡಿಪುಡಿ ಏನು, ಕೊತ್ತಂಬರಿ ಪುಡೀನಾ?" ಅಂದ. "ಮೂವತ್ತು ವರ್ಷದಿಂದ ನಿನ್ನ ಹಿಂದಿನ ಸೀಟಲ್ಲಿ ಕೂತಿದೀನಿ. ನೀನು ಕಿಟಕಿಯಿಂದ ಉಗಿದದ್ದರಲ್ಲಿ ಕಾಲುಭಾಗ ನನ್ನ ಮುಖಕ್ಕೆ ಬಂದೈತೆ. ನಾನು ಒಂದು ದಿನಾನಾದ್ರೂ ಕೆಮ್ಮಿದೀನಾ?"

ಬಾಟಲಿಯ ನೀರು ಸುರಿದು ಬಂಡೆ ತೊಳೆದೆ. ಕೆಂಪು ಪೂರ್ತಿ ಹೋಗಲಿಲ್ಲ.

ಇಳಿಯುವ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಕಾಡು ದಾಟಿ, ಬೆಳಗುಂಬದ ಹತ್ತಿರ ಕಾಫಿಗೆ ನಿಲ್ಲಿಸಿದೆವು. ಈ ಸಲ ಬಿಲ್ಲು ನಾನು ಕೊಟ್ಟೆ. ಪ್ಯಾರಡೈಸ್ ಹಡಗಿನ ಅಪಕೀರ್ತಿ ಅಷ್ಟಾದರೂ ಕಳೆಯಲಿ ಎಂದು. ಆಮೇಲೆ ಹುಣಸೆ ಮರದ ಕೆಳಗೆ ಒಬ್ಬನೇ ನಿಂತು, ಯಾರಿಗೂ ಕಾಣದ ಹಾಗೆ ಒಂದು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡೆ. ಚಟ ನೋಡಿ. ರಸ ತುಂಬಿ ಇನ್ನೇನು ಎನ್ನುವಾಗ ಕ್ಯಾಪ್ಟನ್ ಪಕ್ಕಕ್ಕೆ ಬಂದ. ಅಂಗಡಿಯಲ್ಲಿ ಕೊಂಡ ಹೊಸ ಪ್ಯಾಕು ಕೈಯಲ್ಲಿತ್ತು. ಒಂದು ಸಿಗರೇಟು ತೆಗೆದ. ಹೊತ್ತಿಸಲಿಲ್ಲ. ನನ್ನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷದಲ್ಲಿ ಮೊದಲನೆಯ ಸಲ ಕೇಳಿದ:

"ನಿಂಗೆ ಅಡ್ಡಿಯಿಲ್ಲ ತಾನೇ?"

ಬಾಯಿ ತುಂಬಿತ್ತು. ಉಗಿಯೋಣವೆಂದರೆ ಸಾವಿರ ರೂಪಾಯಿ, ನುಂಗೋಣವೆಂದರೆ ಕಡ್ಡಿಪುಡಿ. "ಹ್ಞೂಂ ಹ್ಞೂಂ" ಎಂದು ತಲೆ ಅಲ್ಲಾಡಿಸಿದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ನಾನು ಚರಂಡಿ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಸಿಗರೇಟು ಅರ್ಧ ಮುಗಿದಿತ್ತು.