ಹೊಸ ಓಟು, ಖಾಲಿ ಚೊಂಬು

ಮೊದಲ ಓಟು ಬಂದ ಹುಡುಗ ಇರುವ ಮನೆಯಲ್ಲಿ ರಾತ್ರಿ ಒಂಬತ್ತರ ಮೇಲೆ ರಿಮೋಟ್ ಬೇರೆ ಯಾರ ಕೈಗೂ ಸಿಗುವುದಿಲ್ಲ. ಯಲಹಂಕ ನ್ಯೂಟೌನಿನಲ್ಲಿರುವ ನಮ್ಮಕ್ಕನ ಮನೆಯಲ್ಲಿ ಲೋಕಸಭಾ ಚುನಾವಣೆಯಿದ್ದ 2024ರ ಏಪ್ರಿಲ್ ಪೂರ್ತಿ ಹೀಗೇ ಕಳೆಯಿತು. ಅಕ್ಕನ ಧಾರಾವಾಹಿಯ ಸೊಸೆ ಆಸ್ಪತ್ರೆ ಸೇರಿದ್ದಳು. ಬದುಕಿದಳೋ ಇಲ್ಲವೋ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಅಳಿಯರಾಯ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಡಿಬೇಟ್ ನೋಡುತ್ತಿದ್ದ. ಗೆರೆ ಎಳೆದು ಒಂದು ಕಡೆ ‘ಪ್ರಶ್ನೆ’, ಇನ್ನೊಂದು ಕಡೆ ‘ಉತ್ತರ ಕೊಟ್ಟವರು’. ಮೂರು ದಿನ ಎರಡನೆಯ ಕಡೆ ಖಾಲಿ. ನಾಲ್ಕನೆಯ ದಿನ ಅದನ್ನು ಹೊಡೆದುಹಾಕಿ ‘ನೀರು ಕುಡಿದವರು’ ಎಂದು ಬರೆದುಕೊಂಡ. ಆಮೇಲೆ ಪುಟ ತುಂಬಿತು. ಪರದೆಯ ಮೇಲೆ ಎಂಟು ಕಿಟಕಿ, ಎಂಟರಲ್ಲೂ ತೆರೆದ ಬಾಯಿ. ಇವನದು ಒಂಬತ್ತನೆಯದು. ಊಟಕ್ಕೆ ಕೂತು ನಾನು ಮೊಸರು ಕೇಳಿದರೂ, “ಒಂದ್ನಿಮಿಷ ಮಾಮ, ನೀವ್ ಮಾತಾಡ್ಬೇಕಾದ್ರೆ ನಾನ್ ಸುಮ್ನಿದ್ದೆ ತಾನೆ?” ಎನ್ನುತ್ತಿದ್ದ.

ಅಷ್ಟರಲ್ಲಿ ಕಾಂಗ್ರೆಸ್‌ನವರು, ಕೇಂದ್ರ ರಾಜ್ಯಕ್ಕೆ ಕೊಟ್ಟದ್ದು ಇಷ್ಟೇ ಎಂದು ಪತ್ರಿಕೆಗೆ ಖಾಲಿ ಚೊಂಬಿನ ಜಾಹೀರಾತು ಕೊಟ್ಟರು. ಮೋದಿಯವರಿದ್ದ ವೇದಿಕೆಯಲ್ಲೇ ದೇವೇಗೌಡರು ಆ ಚೊಂಬು ಅಕ್ಷಯಪಾತ್ರೆಯಾಗಿದೆ ಎಂದರು. ಚೊಂಬೋ, ಪಾತ್ರೆಯೋ? ಟಿವಿಯಲ್ಲಿ ಅದೇ ಗದ್ದಲ. ಆ ಬೇಸಿಗೆ ನೆನಪಿರಬಹುದು, ಊರೆಲ್ಲ ಬೋರ್‌ವೆಲ್ ಬತ್ತಿ ಟ್ಯಾಂಕರ್ ಡ್ರೈವರ್‌ಗಳೇ ದೇವರಾಗಿದ್ದರು. ಅಕ್ಕ ಬಚ್ಚಲುಮನೆಯಿಂದ ನಿಜವಾದ ಚೊಂಬು ಹಿಡಿದು ಬಂದು ಟಿವಿ ಮುಂದೆ ನಿಂತಳು. “ಯಾವ್ದಾದ್ರೂ ಆಗ್ಲಿ, ಅದ್ರಲ್ಲಿ ನೀರಿದ್ಯಾ ಕೇಳೋ.”

“ಅಮ್ಮಾ, ಅಡ್ಡ ಬರ್ಬೇಡ, ರಾಜೀವ್ ಗೌಡ್ರ ಪಾಯಿಂಟ್ ಬರ್ತಿದೆ.”

ಬೆಂಗಳೂರು ಉತ್ತರ ಅವನಿಗೆ ಕರಗತ. ಅಲ್ಲಿ ನಿಂತಿದ್ದ ಬಿಜೆಪಿಯ ಶೋಭಾ ಕರಂದ್ಲಾಜೆಯವರಿಗೆ ಹನ್ನೆರಡು ಪುಟ, ಕಾಂಗ್ರೆಸ್‌ನ ರಾಜೀವ್ ಗೌಡರಿಗೆ ಹನ್ನೊಂದೂವರೆ. ಮತದಾನಕ್ಕೆ ಮೂರು ದಿನ ಇರುವಾಗ ಮನೆಗೆ ಚೀಟಿ ಬಂತು. ಓದಿದ. ಹಿಂದುಮುಂದು ತಿರುಗಿಸಿ ಮತ್ತೆ ಓದಿದ.

“ಮಾಮ, ಲೋಕಸಭಾ ಕ್ಷೇತ್ರ ಚಿಕ್ಕಬಳ್ಳಾಪುರ ಅಂತಿದೆ. ಪ್ರಿಂಟಿಂಗ್ ಮಿಸ್ಟೇಕಾ?”

ಅಲ್ಲ. ಹೆಬ್ಬಾಳ, ಬ್ಯಾಟರಾಯನಪುರ ಬೆಂಗಳೂರು ಉತ್ತರಕ್ಕೆ; ಯಲಹಂಕ ಮಾತ್ರ ಚಿಕ್ಕಬಳ್ಳಾಪುರಕ್ಕೆ. ಆರ್‌.ಟಿ. ನಗರದಲ್ಲಿ ಮನೆ ಇದ್ದಿದ್ದರೆ ಅವನ ನೋಟ್‌ಬುಕ್ ಉಪಯೋಗಕ್ಕೆ ಬರುತ್ತಿತ್ತು.

“ಹಾಗಾದ್ರೆ ನಂದಿಬೆಟ್ಟ ಹತ್ತಿ ಓಟ್ ಹಾಕ್ಬೇಕಾ? ನಮ್ಗೆ ಯಾರ್ ನಿಂತಿದಾರೆ?”

ಒಂದೇ ಒಂದು ಡಿಬೇಟ್ ನೋಡದ ಅಕ್ಕ ಹುರುಳಿಕಾಯಿ ಮುರಿಯುತ್ತಲೇ ಹೇಳಿದಳು: “ಸುಧಾಕರ್ರು, ರಕ್ಷಾ ರಾಮಯ್ಯ, ಇನ್ನೂ ಯಾರ್ಯಾರೋ. ದಿನಾ ಆಟೋಗೆ ಮೈಕ್ ಕಟ್ಕೊಂಡು ನಮ್ ಬೀದೀಲೇ ಕೂಗ್ಕೊಂಡ್ ಹೋಗ್ತಿದ್ರಲ್ಲೋ. ನೀನು ವಾಲ್ಯೂಮ್ ಜಾಸ್ತಿ ಮಾಡ್ತಿದ್ದೆ.”

ಏಪ್ರಿಲ್ 26ರ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟಿನ ಗಾಜಿನಲ್ಲಿ ಚೀಟಿ ಕಾಣುವುದು ಏಳು ಸೆಕೆಂಡು. ಆ ತಿಂಗಳಲ್ಲಿ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅಲ್ಲೇ ಇರಬೇಕು. ಹೊರಗೆ ಬಂದು ಮೈಸೂರಿನ ಶಾಯಿ ಹಚ್ಚಿದ ಎಡಗೈ ಬೆರಳಿನ ಹದಿನಾಲ್ಕು ಫೋಟೊ ತೆಗೆದುಕೊಂಡ. ಯಾರಿಗೆ ಹಾಕಿದೆ ಎಂದರೆ, “ಗುಪ್ತ ಮತದಾನ ಮಾಮ.”

ರಾತ್ರಿ ಮತ್ತೆ ಟಿವಿ. ಬೆಂಗಳೂರು ಉತ್ತರದಲ್ಲಿ ಶೇಕಡಾ 54ರ ಆಸುಪಾಸು, ಚಿಕ್ಕಬಳ್ಳಾಪುರದಲ್ಲಿ 77ರ ಸುತ್ತಮುತ್ತ. ಬೆಂಗಳೂರಿನವರು ಮಲಗಿಬಿಟ್ಟಿರಾ ಎಂದು ನಿರೂಪಕರು ಮೇಜು ಗುದ್ದಿದರು.

ಅಳಿಯ ಸೋಫಾಗೆ ಒರಗಿ ಕಾಲು ಚಾಚಿದ. “ನಮ್ಗಲ್ಲ ಬಿಡಿ ಮಾಮ, ನಾವು ಚಿಕ್ಕಬಳ್ಳಾಪುರದವರು.”